ಪೋರ್ಷನ್ ಮುಗಿಸಲು ಹೋದ ನನ್ನ ಬೆನ್ನು

ಉಸಿರು ಎಳೆದುಕೊಳ್ಳಿ, ಹಾಗೇ ಹಿಡಿದುಕೊಳ್ಳಿ ಎಂದು ಹೆಡ್‌ಫೋನ್‌ನಲ್ಲಿ ಯಾವುದೋ ದೇಶದ ಹೆಂಗಸು ಇಂಗ್ಲಿಷಿನಲ್ಲಿ ಹೇಳಿದಳು. ಹಿಡಿದುಕೊಂಡೆ. ಅಷ್ಟರಲ್ಲಿ ನೆಟ್ ನಿಂತುಹೋಯಿತು.

ನಾನು ಉಸಿರು ಬಿಡಲೇ ಇಲ್ಲ. ಬಿಡಿ ಅಂತ ಅವಳು ಹೇಳಬೇಕಲ್ಲ... ಹೇಳಿದ್ದನ್ನು ಹೇಳಿದ ಹಾಗೇ ಮಾಡುವುದು ನನ್ನ ಹುಟ್ಟುಗುಣ.

"ಉಸಿರು ಬಿಡಿ ಟೀಚರ್, ನೆಟ್ ಹೋಗಿ ಆಗ್ಲೇ ಎಷ್ಟೊತ್ತಾಯ್ತು" ಎಂದು ಭುಜ ತಟ್ಟಿದವಳು ನುಸ್ರತ್. ಚಿಂತಾಮಣಿಯಲ್ಲಿ ಬ್ರೌಸಿಂಗ್ ಸೆಂಟರ್ ಇಟ್ಟುಕೊಂಡಿದ್ದ ನನ್ನ ಹಳೆಯ ವಿದ್ಯಾರ್ಥಿನಿ.

ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ಒಂದು ಫೋಟೋ ತೆರೆದುಕೊಳ್ಳುವಷ್ಟರಲ್ಲಿ ಟೀ ಕುಡಿದು ಬರಬಹುದಾಗಿದ್ದ ಕಾಲ.

ನನಗೆ ಬೆನ್ನಿನ ಡಿಸ್ಕ್ ಆಪರೇಷನ್ ಆಗಿತ್ತು. ಗಾಯ ಮಾಗಿದೆ, ನಿಧಾನವಾಗಿ ಬಗ್ಗಬಹುದು ಎಂದು ಡಾಕ್ಟರ್ ಹೇಳಿಯೂ ಆಗಿತ್ತು. ಆದರೆ ಬಗ್ಗಬೇಕು ಅಂದುಕೊಂಡರೆ ಸಾಕು, ಹೆದರಿಕೆಗೇ ಬೆನ್ನು ಬಿಗಿದು ಹಲಗೆಯಾಗುತ್ತಿತ್ತು.

ನಾನು ಹೈಸ್ಕೂಲಿನ ಗಣಿತದ ಟೀಚರ್. ಜೂನ್‌ನಲ್ಲಿ ಶಾಲೆ ಶುರುವಾಗುವಷ್ಟರಲ್ಲಿ ಸರಿಹೋಗದಿದ್ದರೆ ಹತ್ತನೇ ಕ್ಲಾಸನ್ನು ಬೇರೆಯವರಿಗೆ ಕೊಟ್ಟು, ನನ್ನನ್ನು ಆಫೀಸಿನ ಮೂಲೆಯಲ್ಲಿ ಕೂರಿಸುತ್ತಾರೆ ಎನ್ನುವುದು ಗೊತ್ತಿತ್ತು. ಅದನ್ನು ನೆನೆದು ಅತ್ತಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಆಗ ನುಸ್ರತ್ ಹುಡುಕಿಕೊಟ್ಟಿದ್ದು ಈ ಆನ್‌ಲೈನ್ ಪಾಠ. ಆಪರೇಷನ್ ಆದವರಿಗೆ ಎಂಟು ವಾರ... ಉಸಿರಾಟ, ಮೈಯನ್ನು ಒಂದೊಂದೇ ಭಾಗವಾಗಿ ಸಡಿಲ ಬಿಡುವುದು, ಕಣ್ಣು ಮುಚ್ಚಿ ಕಲ್ಪಿಸಿಕೊಳ್ಳುವುದು, ಕೊನೆಯಲ್ಲಿ ಬಗ್ಗಿ ಏಳುವುದು. ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ. ಮಾತ್ರೆ ಬಿಡಬೇಡಿ, ಇದನ್ನೂ ಮಾಡಿ ಅಂದರು.

ದಿನಾ ಆಟೋದಲ್ಲಿ ಹೋಗಿಬರುವುದು ಆಗದ ಮಾತು. ನುಸ್ರತ್ ಎಲ್ಲ ಪಾಠವನ್ನೂ ನನ್ನ ಮೊಬೈಲಿನ ಮೆಮೊರಿ ಕಾರ್ಡಿಗೆ ಹಾಕಿಕೊಟ್ಟಳು.

ನಮ್ಮ ಊರು ಅಂಬಾಜಿದುರ್ಗದ ಬುಡದಲ್ಲಿದೆ. ಮನೆಯಲ್ಲಿ ಸದ್ದಿಲ್ಲದ ಜಾಗ ಒಂದೇ, ನಮ್ಮತ್ತೆ ರೇಷ್ಮೆ ಸಾಕುವ ಹುಳು ಮನೆ. ನೋವಿನ ಮುಲಾಮು ಹಚ್ಚಿಕೊಂಡು ಬರಬಾರದು ಎನ್ನುವ ಷರತ್ತಿನ ಮೇಲೆ ಅತ್ತೆ ಒಳಗೆ ಬಿಟ್ಟರು. ಹುಳಕ್ಕೆ ಆ ವಾಸನೆ ಆಗಿಬರುವುದಿಲ್ಲ.

ಈಗ ನನ್ನ ದಡ್ಡತನ ಕೇಳಿ.

ವಾರಕ್ಕೊಂದೇ ಪಾಠ ಅಂತ ಆ ಹೆಂಗಸು ಹೇಳಿದ್ದನ್ನೊಂದು ಮಾತ್ರ ಕೇಳದೆ, ಎಂಟು ವಾರದ ಪಾಠವನ್ನು ಹತ್ತೇ ದಿನದಲ್ಲಿ ಮುಗಿಸಿಬಿಟ್ಟೆ. ನೋಟ್ಸ್ ಬೇರೆ ಮಾಡಿಕೊಂಡೆ, ಮುಖ್ಯಾಂಶಗಳಿಗೆ ಕೆಂಪು ಇಂಕಿನಲ್ಲಿ ಅಡಿಗೆರೆ. ಡಿಸೆಂಬರ್‌ಗೆ ಪೋರ್ಷನ್ ಮುಗಿಸಿ ರಿವಿಷನ್ ಶುರುಮಾಡುವ ಟೀಚರ್ ಅಲ್ಲವಾ ನಾನು...

ಹನ್ನೊಂದನೇ ದಿನ ಬೆಳಗ್ಗೆ ಹಾಸಿಗೆಯಿಂದ ಏಳಲು ಆಗಲಿಲ್ಲ. ಮಾಡಿದ್ದುಣ್ಣೋ ಮಹರಾಯ.

ಡಾಕ್ಟರ್ ಬೈದು, ಹೆಚ್ಚಿನದೇನೂ ಆಗಿಲ್ಲ, ರೆಸ್ಟ್ ತೆಗೆದುಕೊಳ್ಳಿ ಅಂದರು. ಎದ್ದು ಓಡಾಡುವಂತಾದ ಮೇಲೆ ಅತ್ತೆ ನನ್ನನ್ನು ಹುಳು ಮನೆಗೆ ಕರೆದುಕೊಂಡು ಹೋಗಿ ಒಂದು ತಟ್ಟೆಯ ಮುಂದೆ ನಿಲ್ಲಿಸಿದರು. ಹುಳುಗಳೆಲ್ಲ ತಲೆ ಎತ್ತಿಕೊಂಡು ಅಲ್ಲಾಡದೆ ಕೂತಿದ್ದವು. ಗೂಡು ಕಟ್ಟುವ ಮೊದಲು ಹುಳ ನಾಲ್ಕು ಸಲ ಹೀಗೆ ಮೇವು ಬಿಟ್ಟು ಕೂತು, ಪೊರೆ ಕಳಚಿ ಏಳುತ್ತದೆ. ನಮ್ಮ ಕಡೆ ಅದನ್ನು ಜ್ವರ ಎನ್ನುತ್ತಾರೆ.

"ಜ್ವರಕ್ಕೆ ಕೂತವೆ ಕಣಮ್ಮ. ಈಗ ಸೊಪ್ಪು ಹಾಕ್ಬೋದಾ?"

"ಹಾಕಬಾರ್ದು ಅತ್ತೆ."

"ಮತ್ತೆ ನಿನ್ ಮೈಗ್ಯಾಕೆ ಒಂದೇ ಸಮ ಹಾಕ್ತಿದ್ದೀಯ? ಅದೂ ಕೂತದೆ, ಏಳೋವರ್ಗೂ ಬಿಡು."

ಓದು ಬರಹ ಇಲ್ಲದ ನಮ್ಮತ್ತೆ ಇಷ್ಟು ಹೇಳಿ ಸೊಪ್ಪು ಕುಯ್ಯಲು ಹೊರಟರು. ನಾನು ನೋಟ್ಸ್ ಹರಿದುಹಾಕಿದೆ.

ಒಂದನೇ ಪಾಠದಿಂದ ಮತ್ತೆ ಶುರು. ವಾರಕ್ಕೆ ಒಂದೇ. ಸಮುದ್ರ ತೀರ ಕಲ್ಪಿಸಿಕೊಳ್ಳಿ ಅಂತ ಆ ಹೆಂಗಸು ಹೇಳಿದಾಗಲೆಲ್ಲ ನಾನು ಜ್ವರ ಎದ್ದ ಹುಳ ಸೊಪ್ಪು ಮೇಯುವ ಸರಸರ ಸದ್ದನ್ನೇ ಕೇಳಿಸಿಕೊಳ್ಳುತ್ತಿದ್ದೆ. ಸಮುದ್ರ ನಾನು ನೋಡಿಲ್ಲ, ಬೇಕಾಗಲೂ ಇಲ್ಲ.

ಕೆಲವು ದಿನ ಅತ್ತೆಯೂ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಿದ್ದರು. ಆಯಮ್ಮ ಏನಂತಾಳೆ ಎಂದು ಒಂದು ದಿನ ಕೇಳಿದರು. ಉಸಿರು ಬಿಡು ಅಂತಾಳೆ ಎಂದೆ. "ಅದನ್ ಹೇಳಾಕೆ ಅಷ್ಟ್ ದೂರದಿಂದ ಬಂದ್ಲಾ" ಅಂದವರು, ತಾವೂ ಉದ್ದಕ್ಕೆ ಉಸಿರು ಬಿಟ್ಟರು.

ಎರಡನೇ ಬೆಳೆಯ ಗೂಡು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋದ ವಾರವೇ ನನ್ನ ಎಂಟನೇ ಪಾಠವೂ ಮುಗಿಯಿತು. ನೋವು ಪೂರ್ತಿ ಹೋಗಿರಲಿಲ್ಲ. ಆದರೆ ಅದು ಬಂದರೆ ಏನು ಮಾಡಬೇಕು ಅಂತ ನನಗೆ ಗೊತ್ತಿತ್ತು.

ಜೂನ್, ಹತ್ತನೇ ಕ್ಲಾಸು, ಮೊದಲ ಪೀರಿಯಡ್. ಬೋರ್ಡಿನ ಮೇಲೆ ಬರೆಯುತ್ತಿದ್ದೇನೆ, ಚಾಕ್‌ಪೀಸ್ ಕೈಜಾರಿ ಬೀಳುತ್ತದೆ.

ಮುಂದಿನ ಬೆಂಚಿನ ಹುಡುಗಿಯರು ಎತ್ತಿಕೊಡಲು ಎದ್ದೇಬಿಟ್ಟರು. ನನ್ನ ಬೆನ್ನಿನ ವಿಷಯ ಶಾಲೆಗೆಲ್ಲ ಗೊತ್ತು. ಕೂತ್ಕೊಳ್ರಮ್ಮ ಅಂದೆ.

ಬೆನ್ನು ಬಿಗಿಯಿತು. ಅವಸರ ಮಾಡಲಿಲ್ಲ, ಕಾದೆ. ಉದ್ದಕ್ಕೆ ಉಸಿರು ಬಿಡುತ್ತಾ ಮಂಡಿ ಮಡಿಸಿ ಕೆಳಗಿಳಿದೆ, ಚಾಕ್‌ಪೀಸ್ ತೆಗೆದುಕೊಂಡು ಎದ್ದು ನಿಂತೆ. ಯಾರೋ ಚಪ್ಪಾಳೆ ತಟ್ಟಿದರು, ಗದರಿಸಿದೆ. ಒಳಗೊಳಗೇ ನನಗೆ ಎಷ್ಟು ಹೆಮ್ಮೆಯಾಗಿತ್ತು ಎಂದರೆ, ಆಮೇಲೆ ಲೆಕ್ಕದಲ್ಲಿ ಮೈನಸ್ ಚಿಹ್ನೆ ಹಾಕುವುದನ್ನೇ ಮರೆತೆ.

ಸಂಜೆ ಮನೆಗೆ ಬಂದವಳು ಬ್ಯಾಗೂ ಇಳಿಸದೆ ಅತ್ತೆಗೆ ಹೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನಾಲ್ಕನೇ ಜ್ವರ ಎದ್ದ ಹುಳಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು, ಅದು ಅವರಿಗೆ ಗೊತ್ತಿಲ್ಲದ್ದೇ?

"ನಾಲ್ಕನೇ ಜ್ವರ ಎದ್ದೆ ಬಿಡು. ಕೈಕಾಲು ತೊಳ್ಕೊಂಡ್ ಬಾ, ಇವತ್ತು ಎರಡು ಮುದ್ದೆ ಉಣ್ಬೇಕು."

ನಿಮ್ಮ ಮನೆಯಲ್ಲಿ ಆಪರೇಷನ್ ಆಗಿ ಮಲಗಿರುವವರನ್ನು ಯಾವಾಗ ಏಳ್ತೀರಿ ಅಂತ ಕೇಳುವ ಬದಲು, ಅವರ ಪಕ್ಕ ಒಂದು ಚಾಪೆ ಹಾಸಿಕೊಂಡಿದ್ದೀರಾ?