ಅಪ್ಪ ವಾಪಸ್ ಕೊಟ್ಟ ಚೆಂಡು

ನಿನ್ನೆ ವೈಟ್‌ಫೀಲ್ಡಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮಕ್ಕಳ ಬಾಸ್ಕೆಟ್‌ಬಾಲ್ ನನ್ನ ಕಾಲ ಬಳಿ ಉರುಳಿ ಬಂತು. ಎತ್ತಿಕೊಂಡೆ. ಬಿಸಿಲಿಗೆ ಕಾದ ರಬ್ಬರಿನ ವಾಸನೆ ನನ್ನನ್ನು ನೇರ ಪೀಣ್ಯಕ್ಕೆ, ಅಪ್ಪನ ಕಾರ್ಖಾನೆಯ ಅಂಗಳಕ್ಕೆ ಒಯ್ದಿತು.

ನಾನು ಚಿಕ್ಕವಳಿದ್ದಾಗ ಅಪ್ಪ ಅಲ್ಲಿ ಫಿಟ್ಟರ್. ಶಿಫ್ಟ್ ಮುಗಿದ ಮೇಲೆ ಗ್ರೀಸ್ ಕೈಯನ್ನು ಸೀಮೆಎಣ್ಣೆಯಲ್ಲಿ ತೊಳೆದು ಕಾರ್ಖಾನೆ ತಂಡದಲ್ಲಿ ಆಡುತ್ತಿದ್ದರು. ತಂಡಕ್ಕೊಂದು ನಿಯಮವಿತ್ತು: ಬಿಡಿಭಾಗವೊಂದು ಐದು ಮೆಷಿನ್ ದಾಟಿ ಹೊರಬರುವಂತೆ ಚೆಂಡೂ ಐದು ಕೈ ದಾಟಿಯೇ ರಿಂಗಿಗೆ ಹೋಗಬೇಕು. ಅದಕ್ಕೆ ಕಿವಿಗೊಡದವರು ಸ್ಟೋರ್ಸಿನ ಜಯರಾಮ್ ಅಂಕಲ್ ಒಬ್ಬರೇ. ಚೆಂಡು ಸಿಕ್ಕರೆ ಯಾರಿಗೂ ಕೊಡುತ್ತಿರಲಿಲ್ಲ. ಎಸೆದರೆ ತಪ್ಪುತ್ತಲೂ ಇರಲಿಲ್ಲ. ಜನ ಬರುತ್ತಿದ್ದುದೇ ಅವರನ್ನು ನೋಡಲು. ಹಾಗಾದರೆ ಉಳಿದ ನಾಲ್ವರು ಯಾಕೆ ಓಡುತ್ತಾರೆ ಎಂಬುದು ನನ್ನ ದೊಡ್ಡ ಪ್ರಶ್ನೆ.

ಫೈನಲ್ ದಿನ ನಮ್ಮವರು ಒಂದು ಪಾಯಿಂಟ್ ಹಿಂದಿದ್ದರು. ಕೊನೆಯ ಗಳಿಗೆಯಲ್ಲಿ ಎದುರಾಳಿ ತಂಡದ ಮೂವರು ಜಯರಾಮ್ ಅಂಕಲ್ ಅವರನ್ನು ಮುತ್ತಿಕೊಂಡರು. ರಿಂಗಿನ ಕೆಳಗೆ ಅಪ್ಪ ಒಬ್ಬರೇ ನಿಂತಿದ್ದರು. ಅಂಕಲ್ ಚೆಂಡನ್ನು ಅವರಿಗೆ ಎಸೆದೇಬಿಟ್ಟರು! ಅಪ್ಪ ಹಿಡಿದರು, ಒಮ್ಮೆ ಚೆಂಡನ್ನು ನೋಡಿದರು, ತಿರುಗಿ ಅಂಕಲ್‌ಗೇ ಕೊಟ್ಟರು. ಅಷ್ಟರಲ್ಲಿ ಸೀಟಿ ಕೂಗಿತು. ಸೋತೆವು.

ಮನೆಗೆ ಬರುವಾಗ ಸೈಕಲ್ಲಿನ ಬಾರಿನ ಮೇಲೆ ಕೂತು ಕೇಳಿದೆ, “ನೀನೇ ಯಾಕಪ್ಪ ಹಾಕ್ಲಿಲ್ಲ?”

“ಇಷ್ಟು ವರ್ಷದಲ್ಲಿ ಅವ್ನು ನಂಗೆ ಕೊಟ್ಟಿದ್ದು ಅದೇ ಮೊದ್ಲು ಕಣಮ್ಮಾ. ನಾನೇ ಇಟ್ಕೊಳ್ಳೋಕೆ ಮನಸ್ಸು ಬರ್ಲಿಲ್ಲ.”

“ಆಂಟಿ, ನೀವೇ ಹಾಕಿ!” ನಿನ್ನೆ ಮಕ್ಕಳು ಕೂಗಿದರು. ರಿಂಗ್ ಹತ್ತಿರದಲ್ಲೇ ಇತ್ತು. ಗುರಿಯನ್ನೂ ನೋಡಿದೆ. ಆಮೇಲೆ ಚೆಂಡನ್ನು ಅವರಿಗೇ ಕೊಟ್ಟೆ.