ಮಿಲ್ಟ್ರಿ ಭರ್ತಿ

ನನ್ನ ಯಜಮಾನರು ತೀರಿಕೊಂಡು ಇಪ್ಪತ್ತು ದಿನವಾಗಿತ್ತು. ಅವರ ಶೆಡ್ಡನ್ನು ಮುಚ್ಚುವುದೋ ನಡೆಸುವುದೋ ನಾನೇ ಹೇಳಬೇಕಾಗಿತ್ತು. ಅಂದು ಹೇಳಿದ್ದು ಸರಿಯೋ ತಪ್ಪೋ ಇಂದಿಗೂ ತಿಳಿಯದು.

ಶೆಡ್ ಇದ್ದದ್ದು ಆಲೂರಿನಿಂದ ಕುಂದೂರಿಗೆ ಹೋಗುವ ರಸ್ತೆಯಲ್ಲಿ. ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್‌ಗಳ ಶಾಫ್ಟ್ ಸವೆದರೆ ವನಗೂರಿನ ಎಸ್ಟೇಟ್‌ಗಳಿಂದಲೂ ಜೀಪಿನಲ್ಲಿ ಹಾಕಿ ತರುತ್ತಿದ್ದರು. ಸವೆದ ಜಾಗಕ್ಕೆ ಯಜಮಾನರು ಲೋಹ ಕರಗಿಸಿ ಹತ್ತಿಸಿ, ಲೇತ್ ಯಂತ್ರಕ್ಕೆ ಕಟ್ಟಿ ಹೆರೆದು ಹಳೆಯ ಅಳತೆಗೆ ತರುತ್ತಿದ್ದರು. ಈ ಕೆಲಸಕ್ಕೆ ಶೆಡ್ಡಿನಲ್ಲಿ ‘ಭರ್ತಿ’ ಎನ್ನುತ್ತಿದ್ದರು.

ಕಾಫಿಯ ಬೆಲೆ ಬಿದ್ದ ಮೇಲೆ ಎಸ್ಟೇಟಿನವರು ರಿಪೇರಿಯನ್ನು ಮುಂದೂಡತೊಡಗಿದರು. ಆಗ ಹಾಸನದಲ್ಲಿ ಯಜಮಾನರ ಜೊತೆ ಐಟಿಐ ಓದಿದ್ದ ಗೆಳೆಯರೊಬ್ಬರು ಅವರನ್ನು ಬೆಂಗಳೂರಿಗೆ ಕರೆಸಿಕೊಂಡರು. ಗೆಳೆಯರದು ಸೈನ್ಯದ ಗಾಡಿಗಳ ಭಾಗಗಳನ್ನು ಸರಿಮಾಡಿಕೊಡುವ ಕಾರ್ಖಾನೆ. ಮೂರನೇ ದಿನ ನಮ್ಮ ಮನೆಯೆದುರಿನ ಅಂಗಡಿಗೆ ಅವರ ಫೋನ್ ಬಂತು. ಅಂಗಡಿಯಾಕೆ ಮಂಗಳೂರಿನ ಕಡೆಯ ಕ್ರಿಶ್ಚಿಯನ್ ಹೆಂಗಸು. ರಸ್ತೆ ದಾಟಿ ಓಡಿ ಬಂದರು.

“ಅಕ್ಕ, ನಿಮ್ಮವರು ಮಿಲ್ಟ್ರಿ ಭರ್ತಿ ಆದ್ರಂತೆ!”

“ಈ ವಯಸ್ಸಲ್ಲಾ? ಮಂಡಿನೋವು ಅಂತ ಮೆಟ್ಲು ಹತ್ತಲ್ಲ ಅವ್ರು.”

“ನಂಗೇನು ಗೊತ್ತು? ‘ಮಿಲ್ಟ್ರಿ ಭರ್ತಿ ಸಿಕ್ತು ಅಂತ ಹೇಳಿ’ ಅಂದ್ರು. ಖುಷೀಲಿದ್ರು.”

ನಾನು ಜಗಲಿಯಲ್ಲಿ ಕುಳಿತು ಅತ್ತುಬಿಟ್ಟೆ. ಮರುದಿನ ಅವರು ಬಸ್ಸಿಳಿದಾಗ, ತಲೆಕೂದಲು ಕತ್ತರಿಸಿದ್ದಾರೆಯೇ ಎಂದು ಮೊದಲು ನೋಡಿದೆ.

“ಲೇ, ಮಿಲ್ಟ್ರಿ ಗಾಡಿಗಳ ಸವೆದಿರೋ ರೋಲರ್ ಭರ್ತಿ ಕಣೇ! ನನ್ನ ಕಟ್ಕೊಂಡು ಮಿಲ್ಟ್ರಿಯೋರು ಏನ್ ಮಾಡ್ತಾರೆ? ಅಡುಗೆಗೂ ತಗಳಲ್ಲ,” ಎಂದು ನಕ್ಕರು.

ಗಡಿಯಲ್ಲಿ ಯುದ್ಧ ನಡೆದ ಮೇಲೆ ಸರ್ಕಾರ ಸೈನ್ಯಕ್ಕೆ ಹೆಚ್ಚು ಖರ್ಚು ಮಾಡುತ್ತಿದೆ, ಕಾರ್ಖಾನೆಗೆ ಕೈಮೀರಿದ ಕೆಲಸವಿದೆ, ಅದರಲ್ಲಿ ಒಂದು ಪಾಲು ನಮಗೆ ಎಂದು ವಿವರಿಸಿದರು. ಕೆಲಸದ ಜೊತೆಗೆ ಲೋಹದ ಪುಡಿ ಬಂತು. ಬೆಂಕಿ ಉಗುಳುವ ಗ್ಯಾಸ್ ಟಾರ್ಚಿನ ಮೇಲಿನ ಬಟ್ಟಲಿಗೆ ಸುರಿದರೆ ಅದು ಉರಿಯಲ್ಲಿ ಕರಗಿ ರೋಲರಿನ ಮೇಲೆ ಪದರ ಪದರವಾಗಿ ಕೂರುತ್ತಿತ್ತು.

“ಮುಂದೆ ಬರೀ ಪುಡೀಲೇ ಇಡೀ ಸಾಮಾನು ಕಟ್ಟೋ ಮೆಷಿನ್ ಬತ್ತದಂತೆ.”

“ದೋಸೆ ಮೇಲೆ ದೋಸೆ ಹುಯ್ದಂಗಾ?”

“ಹೂಂ, ಹಂಗೇ ಅನ್ಕೋ. ಕಾವಲಿ ನಿಂದೇ ಕೊಡು.”

ಶೆಡ್ಡಿನಲ್ಲಿ ಮತ್ತೆ ವರ್ಷವಿಡೀ ಕೆಲಸ. ಒಂದು ಸಂಜೆ ರೇಡಿಯೋದಲ್ಲಿ ಎರಡು ದೇಶಗಳ ಮಾತುಕತೆ ಮುರಿಯಿತು ಎಂದಾಗ, ಇನ್ನು ಕೆಲಸ ನಿಲ್ಲದೆಂದು ನನ್ನ ಮನಸ್ಸು ಹಗುರವಾಯಿತು. ಮರುಕ್ಷಣವೇ ಹೆದರಿಕೆಯಾಯಿತು. ಅಂಗಡಿಯಾಕೆಯ ತಮ್ಮ ಸೈನ್ಯ ಸೇರಿ ಗಡಿಯಲ್ಲಿದ್ದ. ಆಕೆಯ ಮುಖ ನೋಡಲಾರದೆ ಎರಡು ದಿನ ಸಕ್ಕರೆ ತರಲು ಹೋಗಲಿಲ್ಲ. ಸಪ್ಪೆ ಕಾಫಿ ಕುಡಿದೆವು.

“ನಾವು ಮಾಡ್ತಿರೋದು ಒಳ್ಳೇದಾ ರೀ?” ಎಂದು ಕೇಳಿದೆ.

“ಸವೆದದ್ದು ತುಂಬ್ತೀನಿ. ನಂಗೆ ಅಷ್ಟೇ ಗೊತ್ತಿರೋದು,” ಎಂದರು.

ನಾಲ್ಕನೇ ವರ್ಷ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಲೇತಿನ ಪಕ್ಕ ಕುಸಿದರು. ಹಾಸನ ತಲುಪುವ ಮೊದಲೇ ಹೋಗಿಬಿಟ್ಟರು. ಅರ್ಧ ತುಂಬಿದ ರೋಲರ್ ಸ್ಟ್ಯಾಂಡಿನ ಮೇಲೇ ಇತ್ತು.

ಇಪ್ಪತ್ತನೇ ದಿನ ಬೆಂಗಳೂರಿನ ಗೆಳೆಯರು ಬಂದರು. “ನೀವು ಹೂಂ ಅಂದ್ರೆ ಕೆಲಸಗಾರನ್ನ ಕಳಿಸ್ತೀನಮ್ಮ. ಆರ್ಡರ್ ಇನ್ನು ಹೆಚ್ಚೇ ಆಗುತ್ತೆ, ಕಮ್ಮಿ ಆಗಲ್ಲ,” ಎಂದರು. ಅದು ಒಳ್ಳೆಯ ಸುದ್ದಿಯೋ ಕೆಟ್ಟದ್ದೋ ನನಗೆ ಗೊತ್ತಾಗಲಿಲ್ಲ. ಎದ್ದು ಅಂಗಡಿಗೆ ಹೋದೆ.

“ನಿಮ್ಮ ತಮ್ಮ ಗಡೀಲವ್ನೆ. ನೀವೇ ಹೇಳಿ, ಏನ್ ಮಾಡ್ಲಿ?”

ಆಕೆ ತಕ್ಕಡಿ ಕೆಳಗಿಟ್ಟರು. “ಅವನ ಗಾಡಿ ಅಲ್ಲಿ ಕೆಟ್ಟು ನಿಲ್ಲಬಾರ್ದು ಅಂತ ಬೇಡ್ಕೊಳ್ತೀನಿ ಅಕ್ಕ. ಗಾಡೀನೂ ಬೇಡ, ಯುದ್ಧಾನೂ ಬೇಡ, ಮನೆಗೆ ಬರ್ಲಿ ಅಂತಾನೂ ಬೇಡ್ಕೊಳ್ತೀನಿ. ದೇವರಿಗೂ ತಲೆ ಕೆಟ್ಟಿರ್ಬೇಕು.”

ಮನೆಗೆ ಬಂದು ಗೆಳೆಯರಿಗೆ ಹೂಂ ಎಂದೆ. ಸೈನ್ಯಕ್ಕಾಗಿ ಅಂದೆನೋ, ಹೊಟ್ಟೆಗಾಗಿಯೋ, ಶೆಡ್ಡಿನ ಸದ್ದು ನಿಲ್ಲಬಾರದೆಂದೋ, ಹೇಳಲಾರೆ.

ವಾರದೊಳಗೆ ನಡುವಯಸ್ಸಿನ ಕೆಲಸಗಾರ ಬಂದ. ಆ ರೋಲರನ್ನು ತಿರುಗಿಸಿ ನೋಡಿ, “ಲೇತಲ್ಲಿ ಹೆರೆಯೋಕೆ ಅಂತ ಎಷ್ಟು ಹೆಚ್ಚು ತುಂಬ್ತಿದ್ರಮ್ಮ?” ಎಂದು ಕೇಳಿದ. “ಉಗುರಿನ ದಪ್ಪ,” ಎಂದೆ. ಅಷ್ಟು ನೋಡಿದ್ದೆ.

ಅವರು ನಿಲ್ಲಿಸಿದ್ದ ಕಡೆಯಿಂದಲೇ ಅವನು ತುಂಬತೊಡಗಿದ. ಎಲ್ಲಿಯವರೆಗೆ ಅವರದು, ಎಲ್ಲಿಂದ ಇವನದು ಎಂದು ಗುರುತಿಟ್ಟುಕೊಳ್ಳಲು ಪಕ್ಕದಲ್ಲೇ ನಿಂತೆ. ಲೇತಿನಿಂದ ಇಳಿಸಿದಾಗ ರೋಲರ್ ಪೂರ್ತಿ ಒಂದೇ ಹೊಳಪಾಗಿತ್ತು. ಎರಡು ಸಲ ಬೆರಳಾಡಿಸಿದೆ. ತಿಳಿಯಲಿಲ್ಲ.