ಕರಡಿಗೆ ಕೇಳಿಸುವಂತೆ

ತೊಗರ್ಸಿಯ ಆಚೆ ಕಾಡಿನ ಕಾಲುದಾರಿಯಲ್ಲಿ ಒಬ್ಬನೇ ನಡೆಯುತ್ತಿದ್ದೆ. ಎದುರಿನಿಂದ ಕುರಿ ಹೊಡೆದುಕೊಂಡು ಬಂದ ಹೆಂಗಸೊಬ್ಬರು ಕೋಲು ಅಡ್ಡ ಹಿಡಿದು ನಿಲ್ಲಿಸಿದರು. ದಾರಿ ಪಕ್ಕದ ಹುತ್ತವನ್ನು ಯಾವುದೋ ಪ್ರಾಣಿ ಬಗೆದುಹಾಕಿತ್ತು.

"ಕರಡಿ ಕೆಲ್ಸ ರೀ. ಮಣ್ಣು ಇನ್ನೂ ಹಸಿ ಐತಿ, ಇಲ್ಲೇ ಎಲ್ಲೋ ಇರಬೇಕು. ವಾಪಸ್ ತಿರುಗ್ರಿ, ನನ್ ಜೊತಿ ಬರ್ರಿ. ಜೋರಾಗಿ ಮಾತಾಡ್ಕೋತ ನಡೀರಿ. ಸದ್ದು ಕೇಳಿದ್ರ ಅದೇ ದೂರ ಹೋಗ್ತೈತಿ."

ಹೆದರಿಕೆಯಲ್ಲಿ ನನಗೆ ನೆನಪಾದದ್ದು ಮಗ್ಗಿಯೊಂದೇ. ಅದನ್ನೇ ಗಟ್ಟಿಯಾಗಿ ಹೇಳತೊಡಗಿದೆ. ಅವರು ನಕ್ಕು, ಕುರಿಗಳ ಹಿಂದೆ ನಿಶ್ಚಿಂತೆಯಿಂದ ಹೆಜ್ಜೆ ಹಾಕಿದರು. ಎರಡರಿಂದ ಹದಿನೇಳಕ್ಕೆ ಬರುವಷ್ಟರಲ್ಲಿ ನನ್ನ ದನಿಗೂ ಧೈರ್ಯ ಬಂದಿತ್ತು. ದೂರದಲ್ಲಿ ಡಾಂಬರು ರಸ್ತೆ ಕಾಣಿಸಿದಾಗ "ಹದಿನೇಳೆಂಟಲೆ..." ಎಂದು ತಡವರಿಸಿದೆ.

ಹಿಂದಿನಿಂದ ಅವರು ಕೂಗಿದರು: "ನೂರಾ ಮೂವತ್ತಾರು ರೀ! ನಿಲ್ಲಿಸ್ಬ್ಯಾಡ್ರಿ, ಕಾಡು ಇನ್ನೂ ಮುಗ್ದಿಲ್ಲ."